ಬೆರಳು ಹಿಡಿಯದ ಕಾಲರ್

ಭಾನುವಾರ,
ಹೊಲಿಗೆ ಅಂಗಡಿಯಿಂದ

ಗುಬ್ಬೀ,

ಅಜ್ಜಿ ಬರೆಯುತ್ತಿದ್ದೇನೆ. ನೀನು ಅತ್ತೆಯ ಜೊತೆ ಹೊರಟುಹೋದ ಮೇಲೆ ಫೋನು ಮಾಡಿದಾಗಲೆಲ್ಲ ನಾನು ಗದರಿದೆ, ನೀನು ಸುಮ್ಮನಿದ್ದೆ. ಕಾಗದದಲ್ಲಾದರೆ ಗದರಿದ್ದನ್ನು ಗೀಟೆಳೆದು ಹೊಡೆದುಹಾಕಬಹುದು. ಹೈಸ್ಕೂಲು ಮುಗಿಸಿದವಳು ನಾನು, ಅಷ್ಟು ಬರವಣಿಗೆ ನನಗೂ ಬರುತ್ತದೆ.

ಹೊಟ್ಟೆ ತುಂಬಾ ಊಟ ಮಾಡು. ನಿನ್ನ ಅತ್ತೆ ನನ್ನ ಮಗಳೇ ಆದರೂ ಅವಳ ಕೈಗೆ ಉಪ್ಪು ಹತ್ತಿದ್ದೇ ಇಲ್ಲ. ಅವಳಿಗೆ ಹೇಳಬೇಡ, ನೀನೇ ಮೇಲೆ ಹಾಕಿಕೋ.

"ಅಮ್ಮಾ, ಅವಳು ಇನ್ನು ಆ ಸಮವಸ್ತ್ರ ಮುಟ್ಟಲ್ವಂತೆ, ಆ ಶಾಲೆಗೂ ಬರಲ್ವಂತೆ" ಎಂದು ಅತ್ತೆ ಹೇಳಿದಳು. ಬುಧವಾರ ನಿನ್ನ ವರ್ಗಾವಣೆ ಪತ್ರ ತೆಗೆದುಕೊಳ್ಳಲು ಬರುತ್ತಾಳಂತೆ. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈ ಸೇರಲಿ ಎಂಬ ಅವಸರ ನನಗೆ.

ಶಾಲೆಯ ಕೆಡೆಟ್ ತರಬೇತಿಗೆ ನಿನ್ನನ್ನು ಸೇರಿಸಿದವಳು ನಾನೇ. ಕೂಗಿ ಕೂಗಿ ಎಬ್ಬಿಸಿದರೂ ಹಾಸಿಗೆ ಬಿಡದ ಹುಡುಗಿ, ಕೆಡೆಟ್ ಆದ ಮೇಲೆ ನನಗಿಂತ ಮೊದಲೆದ್ದು ಬೂಟು ತಿಕ್ಕತೊಡಗಿದೆ. ನಕ್ಷೆ ಓದುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸಭೆಯಲ್ಲಿ ಎದ್ದು ನಿಂತು ಮಾತಾಡುವುದು, ಮತ ಏಕೆ ಹಾಕಬೇಕು, ಕಾನೂನು ಯಾರಿಗೆ ಬೇಕು, ಎಲ್ಲವನ್ನೂ ಊಟಕ್ಕೆ ಕೂತಾಗ ನನಗೆ ಒಪ್ಪಿಸುತ್ತಿದ್ದೆ. ಒಮ್ಮೆ ನೀನು ಹೇಳಿದ್ದು ನೆನಪಿದೆಯೇ? ಗುಂಪಿನಲ್ಲಿ ಏನೇ ಕೆಟ್ಟರೂ ನಾಯಕಿಯಾದವಳು "ತಪ್ಪು ನನ್ನದು ಸರ್" ಎನ್ನಬೇಕು, ಅದರ ಹಿಂದೆ "ಆದರೆ" ಬರಕೂಡದು ಎಂದೆ. "ಹಾಗೆಲ್ಲ ಅಂದ್ರೆ ನಮ್ಮಂಗಡಿ ಬಾಗಿಲು ಹಾಕ್ಬೇಕಾಗುತ್ತೆ ಕಣೇ" ಎಂದೆ ನಾನು. ನಮ್ಮಲ್ಲಿ ತಪ್ಪೆಂದರೆ ಬಟ್ಟೆಯದು, ದಾರದ್ದು, ಇಲ್ಲವೇ ಹಾಕಿಕೊಂಡವರ ಹೊಟ್ಟೆಯದು. ನೀನು ಬಾಯಲ್ಲಿದ್ದ ನೀರು ಉಗುಳುವಷ್ಟು ನಕ್ಕೆ.

ಮುಂದೆ ನೀನೇ ದಳದ ನಾಯಕಿಯಾದೆ. ಅದೇ ವರ್ಷ ದಳದ ಸಮವಸ್ತ್ರವೆಲ್ಲ ನಮ್ಮ ಅಂಗಡಿಗೇ ಬಂತು. ಹೊಲಿಯಲು ಕೆಲಸದವರಿಗೆ ಬಿಟ್ಟೆ. ಕತ್ತರಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಪೆರೇಡಿನ ದಿನ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಚಪ್ಪಲಿ ಅಂಗಡಿಯಾತ, "ಏನಮ್ಮಾ, ಒಂದು ತಲೇನೂ ಬಗ್ಗಿಲ್ವಲ್ಲ! ಎಲ್ಲಾ ಕೋಲು ನುಂಗಿದಂಗೆ ನಿಂತಿದ್ದಾರೆ" ಎಂದ. "ಹೊಲಿಗೆ ಯಾರದು ಅಂದ್ಕೊಂಡ್ರಿ?" ಎಂದೆ. ನಿನ್ನ ಎದೆಯ ಮೇಲೆ ನಾಯಕಿಯ ಕೆಂಪು ಪಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ನಾನೇ ಗೆದ್ದಂತೆ ಬೀಗುತ್ತಿದ್ದೆ.

ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ನಿನ್ನ ಕನ್ನಡಕದ ಗೆಳತಿ ತೂಗಾಡಿ ಬಿದ್ದಳು. ನೀನು ಸೆಲ್ಯೂಟ್ ಹೊಡೆಯಬೇಕಾದ ಗಳಿಗೆ ಅದು. ಯಾರು ಬಿದ್ದರೂ ನಾಯಕಿ ಕದಲಬಾರದು, ನೋಡಿಕೊಳ್ಳಲು ಬೇರೆ ಮಕ್ಕಳಿರುತ್ತಾರೆ ಎಂದು ನೀನೇ ನನಗೆ ಹೇಳಿದ್ದೆ. ಆದರೂ ಜಾಗ ಬಿಟ್ಟು ಓಡಿದೆ. ಮಂಡಿಯೂರಿ ಅವಳ ಕಾಲರಿನ ಹುಕ್ಕು ಕಿತ್ತೆ. ಆಮೇಲೆ ನಿನ್ನ ಕತ್ತಿಗೇ ಕೈ ಹಾಕಿ ನೋಡಿಕೊಂಡು, ನಾನು ಕೂತಿದ್ದ ಕಡೆ ತಿರುಗಿ ನೋಡಿದೆ. ಅತಿಥಿ ಎತ್ತಿದ ಕೈ ಎತ್ತಿಕೊಂಡೇ ನಿಂತಿದ್ದರು. ನನಗೆ ಭೂಮಿಯೊಳಗೆ ಇಳಿದುಹೋದಂತಾಯಿತು.

ಡ್ರಿಲ್ ಮೇಷ್ಟ್ರು ಎಲ್ಲರೆದುರು ಏಕೆ ಎಂದು ಕೇಳಿದರು. "ತಪ್ಪು ನನ್ನದು ಸರ್" ಎಂದೆ ನೀನು. ಮತ್ತೇನೂ ಹೇಳಲಿಲ್ಲ. ಪಟ್ಟಿ ಬಿಚ್ಚಿಸಿದರು.

ದಾರಿಯಲ್ಲಿ ನಾನು ಆಡಿದ ಮಾತು ನಿನಗೆ ಮರೆತಿರಲಾರದು. "ಉಸಿರು ಕಟ್ಟಿದವಳನ್ನ ಬಿಟ್ಟು ಸೆಲ್ಯೂಟ್ ಹೊಡೀಬೇಕಿತ್ತಾ ಅಜ್ಜಿ?" ಎಂದು ನೀನು ಕೇಳಿದೆ. "ಹೊಡೀಬೇಕಿತ್ತು. ನನ್ನ ಮಾನ ತೆಗೆದೆ" ಎಂದೆ. ಆ ಮಾತಿಗೆ ಗೀಟೆಳೆಯಲು ಬರುವಂತಿದ್ದರೆ ಈ ಕಾಗದ ಬರೆಯಬೇಕಾಗಿರಲಿಲ್ಲ.

ನೀನು ಹೋದ ಮೇಲೆ ಅವತ್ತು ಬಿದ್ದ ಹುಡುಗಿಯ ತಾಯಿ ಸಮವಸ್ತ್ರ ಹಿಡಿದು ಅಂಗಡಿಗೆ ಬಂದಳು. "ಕತ್ತಿನ ಹತ್ರ ಸ್ವಲ್ಪ ಬಿಟ್ಟುಕೊಡಿ ಅಮ್ಮಾ. ಬಿಸಿಲಿನ ಜೊತೆ ಇದೂ ಸೇರ್ಕೊಂಡು ಹಂಗಾಯ್ತು ಅಂದ್ರು ಡಾಕ್ಟ್ರು. ಯಾಕೆ, ನಿಮ್ಮ ಹುಡುಗಿ ಹೇಳ್ಲಿಲ್ವಾ? ಅಜ್ಜಿಗೆ ನಾನೇ ಹೇಳ್ತೀನಿ, ನೀವ್ಯಾರೂ ಮಾತೆತ್ತಬೇಡಿ ಅಂದಿದ್ಳಂತಲ್ಲ" ಎಂದಳು. ಕಾಲರಿನೊಳಗೆ ಬೆರಳು ತೂರಿಸಲು ನೋಡಿದೆ. ತೂರಲಿಲ್ಲ. ನೀರಿಗೆ ಬಟ್ಟೆ ಕುಗ್ಗಿದೆ ಎಂದೆ. ಅವಳು ತಲೆಯಾಡಿಸಿದಳು.

ನೀನು ಬಾಯಿ ಮುಚ್ಚಿಕೊಂಡದ್ದು ಯಾರಿಗಾಗಿ ಎಂದು ಆಗ ಅರ್ಥವಾಯಿತು.

ಮಾರನೆಯ ದಿನ ಶಾಲೆಗೆ ಹೋದೆ. ಡ್ರಿಲ್ ಮೇಷ್ಟ್ರು ಕುರ್ಚಿ ಕೊಟ್ಟರು, ನಾನು ಕೂರಲಿಲ್ಲ. ಬಟ್ಟೆ ಕುಗ್ಗಿ ಕಾಲರ್ ಬಿಗಿಯಾಗಿತ್ತು, ಹುಡುಗಿ ಮಾಡಿದ್ದು ಸರಿ ಎಂದು ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಅವಳೂ ಹೇಳ್ಲಿಲ್ಲ, ನಾನೂ ಎರಡನೇ ಸಲ ಕೇಳ್ಲಿಲ್ಲ" ಎಂದರು. ಪಟ್ಟಿ ಈಗ ಬೇರೆ ಹುಡುಗಿಯ ಎದೆಯ ಮೇಲಿದೆ. "ಆ ಮಗೂದು ಕಿತ್ತು ನಿಮ್ಮ ಹುಡುಗಿಗೆ ಕೊಡೋಕಾಗಲ್ಲ ಅಮ್ಮಾ. ಸಾಲಲ್ಲಿ ಅವಳ ಜಾಗ ಮಾತ್ರ ಹಾಗೇ ಬಿಟ್ಟಿದ್ದೀನಿ" ಎಂದರು. ನಾನು ವಾದ ಮಾಡಲಿಲ್ಲ. ನಾನು ವಾದ ಮಾಡದೆ ಬಂದೆ ಎಂದರೆ ನಿನ್ನ ಅತ್ತೆ ನಂಬುವುದಿಲ್ಲ.

ಕಾಲರ್ ಸಡಿಲಿಸಲು ಸಮವಸ್ತ್ರಗಳನ್ನೆಲ್ಲ ವಾಪಸು ತರಿಸಿಕೊಂಡಿದ್ದೇನೆ. ಕೆಲಸದವರು ಕೈಜೋಡಿಸಲು ಬಂದರು, ಬೇಡವೆಂದೆ. ಹೊಲಿಗೆ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಬೆರಳ ತುದಿ ಉರಿಯುತ್ತಿದೆ, ಉರಿಯಲಿ.

ನಾಯಕಿಯಾಗಿ ನಿನ್ನನ್ನು ಮತ್ತೆ ಆ ಮೈದಾನದಲ್ಲಿ ನಿಲ್ಲಿಸುವ ಶಕ್ತಿ ನನಗಿಲ್ಲ. ಕಳೆದದ್ದನ್ನು ತಂದುಕೊಡಲಾರೆ. ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ, ಮನೆಯಲ್ಲಿ ನಿನ್ನ ಬೂಟು ಬಾಗಿಲ ಹಿಂದೆ ಧೂಳು ಹಿಡಿಯುತ್ತಿದೆ. ಬೇಡಿಕೊಂಡು ಅಭ್ಯಾಸವಿಲ್ಲದವಳು ನಾನು. ಬಾ ಎನ್ನುವುದಕ್ಕಿಂತ ಮೃದುವಾದ ಮಾತು ನನಗೆ ಬರುವುದಿಲ್ಲ. ಬಾ.

ನಿನ್ನ ಬಿರುಸು ಬಾಯಿಯ
ಅಜ್ಜಿ

ತಾ.ಕ.: ಸಹಿ ಹಾಕಿದ ಮೇಲೆ ನಿನ್ನ ಸಮವಸ್ತ್ರವನ್ನು ಮೇಜಿನ ಮೇಲೆ ಹರಡಿದೆ. ಅದನ್ನು ಬಿಚ್ಚುವ ಕೆಲಸವಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು. ಅದರ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಅದೇ ಥಾನಿನ ಬಟ್ಟೆ, ಅದೇ ನೀರು, ಅದೇ ಇಸ್ತ್ರಿ. ಬಟ್ಟೆ ಕುಗ್ಗಿರಲಿಲ್ಲ ಗುಬ್ಬೀ. ಒಂದು ತಲೆಯೂ ಬಗ್ಗದಿರಲಿ, ನಿನ್ನ ದಳ ಎಲ್ಲರಿಗಿಂತ ನೆಟ್ಟಗೆ ಕಾಣಲಿ ಎಂದು ಉಳಿದ ಮಕ್ಕಳ ಕಾಲರನ್ನೆಲ್ಲ ಬೇಕೆಂದೇ ಬಿಗಿಯಾಗಿ ಕತ್ತರಿಸಿದೆ. ನಿನ್ನದನ್ನು ಮಾತ್ರ ಸರಿಯಾದ ಅಳತೆಗೆ ಕತ್ತರಿಸಿದೆ. ಮೈದಾನದಲ್ಲಿ ಕತ್ತು ಮುಟ್ಟಿಕೊಂಡು ನನ್ನ ಕಡೆ ನೋಡಿದೆಯಲ್ಲ, ಆಗಲೇ ನಿನಗೆ ತಿಳಿದುಹೋಯಿತು. ನಾಳೆ ಬೆಳಗ್ಗೆ ಮಕ್ಕಳು ಸಾಲಾಗಿ ನಿಂತಾಗ ಅವರ ಮುಂದೆ ಹೋಗಿ ನಿಲ್ಲುತ್ತೇನೆ. ಏನು ಹೇಳಬೇಕೆಂದು ನೀನೇ ಕಲಿಸಿದ್ದೀಯೆ. ಹಿಂದೆ "ಆದರೆ" ಬರುವುದಿಲ್ಲ.