ದಪ್ಪಕ್ಕನ ಗುರಾಣಿ ತೆಳ್ಳಗಾದದ್ದು ಯಾರ ಮಾತಿಗೆ?

ಆಟದ ಸಮತೋಲನ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನೀವು ನಮ್ಮ ಅತ್ತೆಯ ಬಲ ಕಡಿಮೆ ಮಾಡಿದ್ದೀರಿ. ಯಾಕೆಂದು ನಿಮ್ಮ ಪ್ರಕಟಣೆಯಲ್ಲಿ ಹೇಳಿಯೂ ಇದ್ದೀರಿ. ಅದನ್ನು ನಾನು ನಂಬಲಿಲ್ಲ. ಇದಕ್ಕಿಂತ ದೊಡ್ಡ ಪೀಠಿಕೆ ಈ ಪತ್ರಕ್ಕೆ ಬೇಕಿಲ್ಲ.

‘ನಿಮ್ಮ ಅತ್ತೆ ಯಾರೆಂದೇ ನಮಗೆ ಗೊತ್ತಿಲ್ಲವಲ್ಲ’ ಎಂದು ನೀವು ಹುಬ್ಬೇರಿಸಬಹುದು. ಗೊತ್ತಿರಲಿಕ್ಕಿಲ್ಲ. ನಿಮ್ಮ ಕಚೇರಿಗೆ ಕಾಣುವುದು ಪಾತ್ರಗಳು ಮಾತ್ರ. ಇದು ಬಹಿರಂಗ ಪತ್ರ, ಆಟದ ಗಂಧಗಾಳಿ ಇಲ್ಲದವರೂ ಇದನ್ನು ಓದುತ್ತಾರೆ, ಅವರಿಗಾಗಿ ಎರಡು ಮಾತು. ಆ ಕಡೆ ಐದು ಜನ, ಈ ಕಡೆ ಐದು ಜನ, ಎಲ್ಲರೂ ಅವರವರ ಕಂಪ್ಯೂಟರಿನ ಮುಂದೆ. ಒಬ್ಬೊಬ್ಬರೂ ಒಂದೊಂದು ಪಾತ್ರ ಆರಿಸಿಕೊಂಡು ಎದುರಿನವರ ಕೋಟೆ ಕೆಡವಬೇಕು. ಹೊಡೆಯುವ ಪಾತ್ರಗಳಿವೆ, ಗಾಯ ಮಾಯಿಸುವ ಪಾತ್ರಗಳಿವೆ, ಅಡ್ಡ ನಿಂತು ಕಾಯುವ ಪಾತ್ರಗಳಿವೆ. ಯಾರಿಗೆ ಎಷ್ಟು ಶಕ್ತಿ ಎಂದು ತೀರ್ಮಾನಿಸುವುದು ನಿಮ್ಮ ವಿಭಾಗ. ಕೆಲವು ವಾರಗಳಿಗೊಮ್ಮೆ ನೀವು ಒಬ್ಬರದ್ದನ್ನು ಏರಿಸುತ್ತೀರಿ, ಇನ್ನೊಬ್ಬರದ್ದನ್ನು ಇಳಿಸುತ್ತೀರಿ. ಮಲಗುವಾಗ ಶೂರನಾಗಿದ್ದವನು ಏಳುವಾಗ ಪುಕ್ಕಲನಾಗಿರುತ್ತಾನೆ. ಇದಕ್ಕೆ ನೀವಿಟ್ಟಿರುವ ಹೆಸರು ಸಮತೋಲನ.

ನಮ್ಮ ಅತ್ತೆ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ವ್ಯಾನ್ ಮಾರಿ ಮನೆಯಲ್ಲಿ ಕೂತರು. ಆದರೆ ಸುಮ್ಮನೆ ಕೂರುವ ಜೀವ ಅದಲ್ಲ. ನಾನು ತರಕಾರಿ ಹೆಚ್ಚುವುದರಲ್ಲಿ, ನನ್ನ ಗಂಡ ಷೂ ಲೇಸು ಕಟ್ಟುವುದರಲ್ಲಿ ತಪ್ಪು ಹುಡುಕತೊಡಗಿದರು. ಅವರಿಗೊಂದು ಕೆಲಸ ಹಚ್ಚಲೆಂದು ಅವರ ಕಿರಿಯ ಮಗ, ಅಂದರೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ನನ್ನ ಮೈದುನ, ಈ ಆಟ ಕಲಿಸಿದ. ಇದ್ದಬದ್ದ ಪಾತ್ರಗಳನ್ನೆಲ್ಲ ನೋಡಿ ಅತ್ತೆ ಆರಿಸಿಕೊಂಡದ್ದು ಅಗಲ ಭುಜದ, ದೊಡ್ಡ ಗುರಾಣಿ ಹೊತ್ತ ಒಬ್ಬ ಹೆಂಗಸನ್ನು. ಆಟದಲ್ಲಿ ಆಕೆಗೆ ನಾಲಿಗೆ ಹೊರಳದ ಹೆಸರೊಂದಿದೆ. ನಮ್ಮ ಮನೆಯಲ್ಲಿ ಆಕೆ ದಪ್ಪಕ್ಕ. ದಪ್ಪಕ್ಕ ಓಡಲಾರಳು, ಹಾರಲಾರಳು, ಆಕೆ ಹೊಡೆದರೆ ಸೊಳ್ಳೆ ಸಾಯುವುದೂ ಅನುಮಾನ. ಗುರಾಣಿ ಎತ್ತಿ ಹಿಂದಿರುವವರನ್ನು ಕಾಯುವುದೊಂದೇ ಬಲ್ಲಳು.

ಅದೊಂದೇ ಸಾಕಾಗಿತ್ತು. ಹಿಂದಿನ ಸೀಟಿನಲ್ಲಿ ಯಾರು ಎದ್ದು ನಿಂತರು, ಯಾರು ಕಿಟಕಿಯಿಂದ ಕೈ ಹಾಕಿದರು ಎಂದು ಕನ್ನಡಿಯಲ್ಲೇ ನೋಡಿಕೊಂಡು ವರ್ಷಗಟ್ಟಲೆ ವ್ಯಾನ್ ಓಡಿಸಿದ ಕಣ್ಣು. ಪರದೆಯ ಮೂಲೆಯ ಪುಟ್ಟ ನಕ್ಷೆ ಅವರಿಗೆ ಅದೇ ಕನ್ನಡಿಯಾಯಿತು. ‘ಹಿಂದೆ ಉಳಿದವರು ಯಾರು, ಬೇಗ ಬನ್ನಿ’ ಎಂದು ಕರೆಯುತ್ತಿದ್ದರು. ಉಳಿದವಳು ಸಾಮಾನ್ಯವಾಗಿ ನಾನೇ, ಗಾಯ ಮಾಯಿಸುವವಳು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ, ಮೈದುನ, ಮೇಲಿನ ಮನೆಯ ಕನ್ನಡಕದಂಗಡಿಯವರು, ನಾನು, ಅತ್ತೆ, ಹೀಗೆ ಐವರ ತಂಡವಾಯಿತು. ಮದುವೆಯಾಗಿ ಬಂದಂದಿನಿಂದ ಅತ್ತೆ ನನ್ನ ಹಿಂದೆ ಬೈದದ್ದುಂಟು, ಮುಂದೆ ಬೈದದ್ದುಂಟು. ನನಗಾಗಿ ಗುರಾಣಿ ಹಿಡಿದು ನಿಂತದ್ದು ಈ ಆಟದಲ್ಲೇ ಮೊದಲು. ನಾವು ಗೆಲ್ಲತೊಡಗಿದೆವು. ಬಡಾವಣೆಯ ಸಭಾಂಗಣದಲ್ಲಿ ನಡೆಯುವ ಪಂದ್ಯಾವಳಿಗೆ ಹೆಸರು ಕೊಟ್ಟೆವು. ಅತ್ತೆ ತಮ್ಮ ವ್ಯಾನಿನಲ್ಲಿ ಕೂತು ದೊಡ್ಡವರಾದ ಮಕ್ಕಳಿಗೆಲ್ಲ ಫೋನ್ ಮಾಡಿ, ನೋಡಲು ಬರಬೇಕೆಂದು ತಾಕೀತು ಮಾಡಿದರು.

ಪಂದ್ಯಾವಳಿಗೆ ಒಂದು ವಾರ ಇರುವಾಗ ನಿಮ್ಮ ಪ್ರಕಟಣೆ ಬಂತು. ‘ಆರೋಗ್ಯಕರ ಸ್ಪರ್ಧೆಯ ಹಿತದೃಷ್ಟಿಯಿಂದ ಕೆಲವು ಸಣ್ಣ ಹೊಂದಾಣಿಕೆ.’ ಸಣ್ಣದೆಂದರೆ ಎಷ್ಟು ಸಣ್ಣದು? ದಪ್ಪಕ್ಕನ ಗುರಾಣಿ ಮೊದಲು ತಡೆಯುತ್ತಿದ್ದ ಪೆಟ್ಟಿನಲ್ಲಿ ಅರ್ಧ ತಡೆದರೆ ಹೆಚ್ಚು. ಒಮ್ಮೆ ಒಡೆದರೆ ಮತ್ತೆ ಎತ್ತುವಷ್ಟರಲ್ಲಿ ಹಿಂದಿರುವವರ ಕಥೆ ಮುಗಿದಿರುತ್ತದೆ. ಅದೇ ಮಧ್ಯಾಹ್ನ ನೀವು ಹೊಸ ಪಾತ್ರವೊಂದನ್ನು ಮಾರಾಟಕ್ಕೆ ಬಿಟ್ಟಿರಿ: ಸರ್ರನೆ ನುಗ್ಗಿ, ಹೊಡೆದು, ಸರ್ರನೆ ಹಿಂದೆ ಬರುವ ಸಣಕಲ ಹುಡುಗ. ನಮ್ಮ ಮನೆಯಲ್ಲಿ ಅವನು ಗಾಳಿಮರಿ. ಆ ಗಾಳಿಮರಿಯನ್ನು ತಡೆಯಬಲ್ಲ ವಸ್ತು ನಿಮ್ಮ ಆಟದಲ್ಲಿ ಯಾವುದಿತ್ತು, ಮಾನ್ಯರೇ? ದಪ್ಪಕ್ಕನ ಗುರಾಣಿ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎನ್ನುತ್ತೀರಿ, ಒಪ್ಪೋಣ. ಆದರೆ ಈ ಕಾಗೆ ಕೂರುವ ಮುಂಚೆಯೇ ಯಾರೋ ಕೊಂಬೆ ಕೊಯ್ದಿಟ್ಟಂತೆ ಕಾಣುತ್ತದಲ್ಲ?

ಸಮತೋಲನವೇ ಬೇಡವೆನ್ನುವ ಮೂರ್ಖಳು ನಾನಲ್ಲ. ನಾನು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವಳು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೆ ಇಡೀ ದವಡೆಯ ಭಾರ ಅದರ ಮೇಲೆ ಬೀಳುತ್ತದೆ; ಉಜ್ಜಲೇಬೇಕು. ಆದರೆ ಉಜ್ಜುವ ಮುಂಚೆ ಅಚ್ಚಿನ ದವಡೆಗಳ ನಡುವೆ ಬಣ್ಣದ ಕಾಗದವಿಟ್ಟು ಕಚ್ಚಿಸಿ, ಗುರುತು ಬಿದ್ದ ಜಾಗ ಎಲ್ಲರಿಗೂ ಕಾಣುವಂತೆ ಮಾಡಿಕೊಳ್ಳುತ್ತೇವೆ. ನೀವು ಎಲ್ಲಿ ಕಚ್ಚಿಸಿದಿರಿ? ‘ಅಂಕಿಅಂಶಗಳ ಆಧಾರದ ಮೇಲೆ’ ಎಂದಿದ್ದೀರಿ. ಯಾರ ಅಂಕಿ? ನಿನ್ನೆ ಆಟ ಕಲಿತವರದ್ದೋ, ಅದನ್ನೇ ಉಂಡು ಅದನ್ನೇ ಹೊದ್ದು ಮಲಗುವ ವೃತ್ತಿಪರರದ್ದೋ? ಒಂದೇ ಮನೆಯ ನಾಲ್ವರು ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಂತೆ ಕೂತು ಆಡಿದರೆ ಯಾವ ಪಾತ್ರವೂ ಬಲಿಷ್ಠವಾಗಿ ಕಂಡೀತು. ಅದು ಪಾತ್ರದ ಬಲವೋ, ಆ ಮನೆಯವರ ಹೊಂದಾಣಿಕೆಯೋ? ಇದನ್ನು ಬೇರ್ಪಡಿಸಿ ಅಳೆಯುವ ಯಂತ್ರ ನಿಮ್ಮಲ್ಲಿದ್ದರೆ ದಯವಿಟ್ಟು ನಮಗೂ ತೋರಿಸಿ.

ಅಂದು ಸಂಜೆ ಐವರೂ ಆಡಲು ಕೂತೆವು. ಮೈದುನ ಗಾಳಿಮರಿಯನ್ನು ಆರಿಸಿಕೊಂಡ. ಅತ್ತೆ ಸುಮ್ಮನೆ ಅವನ ಬೆರಳುಗಳನ್ನೇ ನೋಡುತ್ತಿದ್ದರು. ಹೊಸ ಗಾಡಿ ಹತ್ತಿದವರು ಗೇರು ಹುಡುಕಿ ತಡವರಿಸುತ್ತಾರೆ; ಮೈದುನ ತಡವರಿಸಲಿಲ್ಲ. ಮೊದಲ ಆಟ ಮುಗಿಯುತ್ತಿದ್ದಂತೆ ಅತ್ತೆ ಹೆಡ್‌ಫೋನ್ ತೆಗೆದಿಟ್ಟು, ಮೊಣಕಾಲು ನೋಯುತ್ತಿದೆ ಎಂದು ಒಳಗೆ ಹೋದರು. ಬೆರಳಿನ ಆಟಕ್ಕೆ ಮೊಣಕಾಲು ಯಾಕೆ ನೋಯಬೇಕು ಎಂದು ನಾವ್ಯಾರೂ ಕೇಳಲಿಲ್ಲ. ನಾಲ್ಕು ಜನರ ತಂಡವನ್ನು ಆಟ ಒಪ್ಪುವುದಿಲ್ಲವಾದ್ದರಿಂದ ಕನ್ನಡಕದಂಗಡಿಯವರೂ ಮೆಲ್ಲಗೆ ಮೇಲಿನ ಮನೆಗೆ ಜಾರಿದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯೊಳಗೆ ಏನಾಯಿತೆಂದು ನೀವು ಕೇಳಬೇಕು, ಯಾಕೆಂದರೆ ಅದು ನಿಮ್ಮ ಪ್ರಕಟಣೆಯಲ್ಲಿ ಇಲ್ಲ. ಮೈದುನ ಫೋನು ಹಿಡಿದು ಬಾಲ್ಕನಿಗೆ ಹೋದರೆ ಅತ್ತೆಯ ಕಿವಿ ಅತ್ತ ತಿರುಗುತ್ತಿತ್ತು. ನಾನೂ ಗಂಡನೂ ಮಾತಾಡುತ್ತಿರುವಾಗ ಅವರು ಬಂದರೆ ನಾವು ಸುಮ್ಮನಾಗುತ್ತಿದ್ದೆವು. ಸುಮ್ಮನಾದದ್ದನ್ನು ಅವರು ಗಮನಿಸುತ್ತಿದ್ದರು. ನಮ್ಮ ಮಾತಾದರೂ ಏನು, ದಪ್ಪಕ್ಕನನ್ನು ಬಿಟ್ಟು ಬೇರೆ ಪಾತ್ರ ತೆಗೆದುಕೊಳ್ಳುವಂತೆ ಅವರಿಗೆ ಹೇಳುವುದು ಯಾರು ಎಂಬುದಷ್ಟೇ. ಒಂದು ಬೆಳಗ್ಗೆ ಟೀ ಲೋಟ ನನ್ನ ಮುಂದಿಟ್ಟು, ‘ನನ್ನ ಜಾಗಕ್ಕೆ ಯಾರನ್ನ ನೋಡಿದೀರ?’ ಎಂದು ಕೇಳಿದರು. ಯಾರನ್ನೂ ಇಲ್ಲ ಎಂದೆ. ನಂಬಲಿಲ್ಲ. ಸತ್ಯ ಹೇಳಿದವಳ ಮುಖದಲ್ಲೂ ಕಳ್ಳಕಳೆ ಮೂಡುವ ಕಾಲ ಅದು.

ಕಡೆಗೆ ಊಟದ ಮೇಜಿನಲ್ಲಿ ನಾನೇ ಮೈದುನನನ್ನು ಕೇಳಿದೆ. ಆ ಗಾಳಿಮರಿಯನ್ನು ಮೊದಲೇ ಆಡಿದ್ದೆಯಾ? ಅವನು ತಟ್ಟೆ ನೋಡುತ್ತಲೇ ಹೌದೆಂದು ತಲೆಯಾಡಿಸಿದ. ನಿಮ್ಮ ಕಚೇರಿ ಹೊಸ ಪಾತ್ರಗಳನ್ನು ಬಿಡುಗಡೆಗೆ ಮುಂಚೆ ಪರೀಕ್ಷಿಸಲು ಕೆಲವು ಆಟಗಾರರನ್ನು ಆರಿಸಿಕೊಳ್ಳುತ್ತದಂತೆ, ಅವನೂ ಅವರಲ್ಲೊಬ್ಬನಂತೆ. ಯಾರಿಗೂ ಹೇಳಕೂಡದೆಂಬ ಷರತ್ತು ಬೇರೆ. ಇನ್ನೂ ಒಂದು ಸಂಗತಿಯನ್ನು ಅವನು ಹೇಳದೆ ಉಳಿಸಿಕೊಂಡಿದ್ದಾನೆಂದು ನನಗೆ ಗೊತ್ತಾಯಿತು. ಅತ್ತೆಗೂ ಗೊತ್ತಾಯಿತು. ಅವರು ಊಟ ನಿಲ್ಲಿಸಿ ಕಾದರು.

ಪ್ರಕಟಣೆಗೆ ಮುಂಚೆ ನಿಮ್ಮ ವಿಭಾಗದವರೊಬ್ಬರು ಅವನಿಗೆ ಕರೆ ಮಾಡಿದ್ದರಂತೆ. ತುಂಬ ನಯವಾಗಿ, ‘ಆಟಗಾರರ ಜೊತೆ ಒಂದು ಹರಟೆ’ ಎಂದಿದ್ದರಂತೆ. ನಿಮ್ಮ ತಂಡ ಇಷ್ಟು ಚೆನ್ನಾಗಿ ಗೆಲ್ಲುತ್ತಿದೆಯಲ್ಲ, ಗುಟ್ಟೇನು ಎಂದು ಕೇಳಿದರಂತೆ. ಇವನು ಏನು ಹೇಳಿದನೆಂದು ಅವನ ಬಾಯಲ್ಲೇ ಕೇಳಿ:

‘ನಮ್ಮಮ್ಮ ದಪ್ಪಕ್ಕ ಆಡ್ತಾರೆ, ಅವರು ಗುರಾಣಿ ಹಿಡಿದ್ರೆ ನಮ್ಮನ್ನ ಯಾರೂ ಮುಟ್ಟಕ್ಕಾಗಲ್ಲ ಅಂದೆ. ಅಷ್ಟೇ ಅಂದಿದ್ದು ಅತ್ತಿಗೆ. ಹೆಮ್ಮೆಯಿಂದ ಅಂದೆ.’

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಪಂದ್ಯದ ದಿನದವರೆಗೆ ಚಿಕ್ಕ ಮಗನ ಜೊತೆ ಮಾತು ಬಿಟ್ಟರು. ಅವನಿಗೆ ಏನಾದರೂ ಹೇಳಬೇಕಾದರೆ ನನ್ನ ಗಂಡನಿಗೆ ಹೇಳುತ್ತಿದ್ದರು. ಅವನು ಪಕ್ಕದಲ್ಲೇ ಕೂತಿದ್ದರೂ ಸರಿಯೆ.

ಸಭಾಂಗಣದಲ್ಲಿ ಮಡಚುವ ಮೇಜುಗಳನ್ನು ಸಾಲಾಗಿ ಜೋಡಿಸಿ, ವೈರುಗಳನ್ನು ಟೇಪು ಹಚ್ಚಿ ನೆಲಕ್ಕೆ ಅಂಟಿಸಿದ್ದರು. ವ್ಯಾನಿನ ಹಳೆಯ ಮಕ್ಕಳು ಬಂದಿದ್ದರು. ಒಬ್ಬಳು ತನ್ನ ಕೂಸನ್ನೇ ಎತ್ತಿಕೊಂಡು ಬಂದಿದ್ದಳು. ನನ್ನ ಗಂಡ ಕೊನೆಯ ಸಲ ಎಂಬಂತೆ, ಬೇರೆ ಪಾತ್ರ ತೆಗೆದುಕೊಳ್ಳಮ್ಮ ಎಂದರು. ಅತ್ತೆ ದಪ್ಪಕ್ಕನ ಮೇಲೆಯೇ ಬೆರಳಿಟ್ಟರು. ಎದುರು ತಂಡದ ಇಬ್ಬರು ಪರಸ್ಪರ ಮುಖ ನೋಡಿಕೊಂಡು ನಕ್ಕಿದ್ದು ನನಗೆ ಕಾಣಿಸಿತು.

ಮೊದಲ ಪಂದ್ಯ ಹೇಗೋ ಗೆದ್ದೆವು. ಗುರಾಣಿ ನೆಚ್ಚಿಕೊಳ್ಳುವಂತಿಲ್ಲವೆಂದು ಅತ್ತೆ ಗೋಡೆಗಳ ಮರೆಯಲ್ಲಿ, ಕಿರಿದಾದ ಹಾದಿಗಳಲ್ಲಿ ನಮ್ಮನ್ನು ನಡೆಸಿದರು. ಎರಡನೆಯ ಪಂದ್ಯದಲ್ಲಿ ಎದುರಿನವರ ಗಾಳಿಮರಿ ನೇರ ನನ್ನ ಮೇಲೆ ಬಂದ. ಅತ್ತೆ ಅದನ್ನು ನನಗಿಂತ ಮೊದಲೇ ಕಂಡಿದ್ದರು, ಸರಿಯಾದ ಜಾಗದಲ್ಲಿ ನಿಂತಿದ್ದರು, ಸರಿಯಾದ ಕ್ಷಣಕ್ಕೆ ಗುರಾಣಿ ಎತ್ತಿದ್ದರು. ಅವರ ಕಡೆಯಿಂದ ಒಂದೂ ತಪ್ಪಾಗಲಿಲ್ಲ, ಮಾನ್ಯರೇ. ಗುರಾಣಿ ಗಾಜಿನ ಲೋಟದಂತೆ ಒಡೆಯಿತು. ನಾನು ಸತ್ತೆ, ನನ್ನ ಹಿಂದೆ ಗಂಡ, ಆಮೇಲೆ ಕನ್ನಡಕದಂಗಡಿಯವರು. ಉಳಿದ ಮೈದುನ ತಾಯಿಯ ಪಕ್ಕಕ್ಕೆ ಓಡಿ ಬಂದು, ಗೆಲ್ಲಲಾರೆನೆಂದು ಗೊತ್ತಿದ್ದೂ ಅಲ್ಲೇ ನಿಂತು ಸತ್ತ. ಸೋತ ಮೇಲೆ ಅತ್ತೆ ಎದ್ದು ಎದುರು ಮೇಜಿಗೆ ಹೋಗಿ, ಚೆನ್ನಾಗಿ ಆಡಿದಿರಿ ಎಂದು ಕೈಕುಲುಕಿ ಬಂದರು.

ಮನೆಗೆ ಮರಳುವಾಗ ಕಾರಿನಲ್ಲಿ ಮೈದುನ, ತಪ್ಪಾಯಿತಮ್ಮ ಎಂದ. ಮುಂದಿನ ಸೀಟಿನಲ್ಲಿದ್ದ ಅತ್ತೆ ಕನ್ನಡಿಯಲ್ಲಿ ಅವನನ್ನು ನೋಡಿದರು.

‘ನೀನು ನನ್ನ ಹೊಗಳಿದೆ. ಅವರು ಅದನ್ನ ದೂರು ಅಂತ ಕೇಳಿಸಿಕೊಂಡ್ರು. ಇದರಲ್ಲಿ ನಿನ್ನ ತಪ್ಪೇನಪ್ಪ?’

ಅಷ್ಟೇ ಹೇಳಿದ್ದು. ತಾಯಿ ಮಗ ಸರಿಹೋದರು. ನಿಮ್ಮ ಮೇಲೆ ನನಗಿರುವ ಅನುಮಾನ ಮಾತ್ರ ಸರಿಹೋಗಿಲ್ಲ; ಆಮೇಲೆ ನೀವು ಮಾಡಿದ್ದು ನೋಡಿ ಇನ್ನಷ್ಟು ಬೆಳೆದಿದೆ. ಗಾಳಿಮರಿಯನ್ನು ಕೊಳ್ಳುವವರೆಲ್ಲ ಕೊಂಡಾದ ಮೇಲೆ, ‘ಆಟಗಾರರ ಅಭಿಪ್ರಾಯವನ್ನು ಗೌರವಿಸಿ’ ದಪ್ಪಕ್ಕನ ಗುರಾಣಿಗೆ ಬಲ ಮರಳಿಸಿದಿರಿ. ಸಂತೋಷ. ಅದೇ ದಿನ ದಪ್ಪಕ್ಕನಿಗೆ ಚಿನ್ನದ ಬಣ್ಣದ ಹೊಸ ಪೋಷಾಕೂ ಮಾರಾಟಕ್ಕೆ ಬಂತು. ಮೊದಲ ಸಲ ಕಾಕತಾಳೀಯ. ಎರಡನೆಯ ಸಲವೂ ಅದೇ ಕಾಗೆ, ಅದೇ ಮರವೆಂದರೆ ಕಾಗೆಯನ್ನು ಸಾಕಿದವರು ಯಾರೆಂದು ಕೇಳಬೇಕಾಗುತ್ತದೆ. ನನ್ನಲ್ಲಿ ಪುರಾವೆ ಇಲ್ಲ. ಇದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ನಿಮ್ಮದು ಪ್ರಾಮಾಣಿಕ ವಿಭಾಗವೇ ಇರಬಹುದು. ಹಾಗಿದ್ದರೆ ಕಾರಣವನ್ನು ಬಿಡಿಸಿ ಹೇಳಲು ಇಷ್ಟೊಂದು ಸಂಕೋಚವೇಕೆ?

ಈಗ ಬೀದಿಬೀದಿಯಲ್ಲೂ ದಪ್ಪಕ್ಕಂದಿರು. ಅತ್ತೆ ಆಕೆಯನ್ನು ಮುಟ್ಟುತ್ತಿಲ್ಲ. ಇವತ್ತು ಕೊಟ್ಟು ನಾಳೆ ಕಿತ್ತುಕೊಳ್ಳುವವರ ಗುರಾಣಿ ನನಗೆ ಬೇಡ ಎನ್ನುತ್ತಾರೆ. ಬದಲಿಗೆ, ಯಾರೂ ತೆಗೆದುಕೊಳ್ಳದ ಒಬ್ಬ ಮುದುಕನನ್ನು ಆರಿಸಿಕೊಂಡಿದ್ದಾರೆ. ಅವನಿಗೆ ಒಂದು ದೀಪ ಹಿಡಿದು ಕತ್ತಲೆ ಹಾದಿ ತೋರಿಸುವುದು ಬಿಟ್ಟರೆ ಬೇರೇನೂ ಬಾರದು.

ನನ್ನ ಬೇಡಿಕೆ ಇದು. ಯಾವ ಪಾತ್ರದ ಬಲ ಏರಿಸಿದರೂ ಇಳಿಸಿದರೂ, ಯಾರನ್ನು ಕೇಳಿದಿರಿ, ಯಾರ ಆಟ ನೋಡಿದಿರಿ, ಆ ವಾರ ಏನನ್ನು ಮಾರಲಿದ್ದೀರಿ, ಈ ಮೂರನ್ನೂ ಒಂದೇ ಪ್ರಕಟಣೆಯಲ್ಲಿ, ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಹರಟೆಯ ಹೆಸರಿನಲ್ಲಿ ಮಕ್ಕಳ ಬಾಯಿಂದ ತಾಯಂದಿರ ಗುಟ್ಟು ಎಳೆಯುವುದನ್ನು ನಿಲ್ಲಿಸಬೇಕು.

ಕಳೆದ ವಾರ ನಿಮ್ಮವರು ಮೈದುನನಿಗೆ ಮತ್ತೆ ಕರೆ ಮಾಡಿದ್ದರು, ಆ ದೀಪದ ಮುದುಕ ಹೇಗಿದ್ದಾನೆ ಎಂದು ವಿಚಾರಿಸಿದರು. ಅವನು ಹೇಳಿದ್ದನ್ನೇ ನಾನೂ ಇಲ್ಲಿ ಸಾರ್ವಜನಿಕವಾಗಿ ಹೇಳುತ್ತಿದ್ದೇನೆ, ದಯವಿಟ್ಟು ಬರೆದುಕೊಳ್ಳಿ: ಆ ಮುದುಕ ಯಾವ ಕೆಲಸಕ್ಕೂ ಬಾರದವನು, ನಮ್ಮ ಅತ್ತೆ ಅವನನ್ನು ಬಹಳ ಕೆಟ್ಟದಾಗಿ ಆಡುತ್ತಾರೆ, ನಾವು ದಿನವೂ ಸೋಲುತ್ತಿದ್ದೇವೆ.

ಇಂತಿ,
ಮನೆಯವರನ್ನು ಹೊರಗಿನವರೆದುರು ಹೊಗಳುವುದನ್ನು ಬಿಟ್ಟಿರುವ
ಒಬ್ಬ ಸೊಸೆ