ಬಲಗೆನ್ನೆಯ ನರ

ಲೋಧಿ ಕಾಲೋನಿ, ನವದೆಹಲಿ
೧೯ ಜನವರಿ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ರಾತ್ರಿ ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಕಳಿಸಿದ ಉಣ್ಣೆಯ ಕಾಲುಚೀಲ ನೀವೇ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಅದನ್ನೂ ನಿಮ್ಮ ಗಡಿ ಪೋಸ್ಟಿನ ಜವಾನ ಹುಡುಗರಿಗೆ ಕೊಟ್ಟುಬಿಟ್ಟಿರೋ? ಕೊಟ್ಟೇ ಇರುತ್ತೀರಿ, ನನಗೆ ಗೊತ್ತು. ಇಲ್ಲಿ ವಾರವೆಲ್ಲ ಮಂಜು ಕವಿದಿತ್ತು. ಇವತ್ತು ಬಿಸಿಲು ಬಿದ್ದಿದ್ದೇ ತಡ, ಕ್ವಾರ್ಟರ್ಸಿನ ಹೆಂಗಸರೆಲ್ಲ ಹುಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಾರೆ. ನನ್ನನ್ನೂ ಕರೆದರು. ಹೋಗಲಿಲ್ಲ. ಈಗೀಗ ತಿನ್ನುವಾಗ ಬಲಗೆನ್ನೆಯ ಒಳಗೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ನಾಲ್ಕು ಜನರೆದುರು ಬಾಯಲ್ಲಿ ರಕ್ತ ಬಂದರೆ ಏನು ಚೆಂದ?

ನೋಡಿ, ಹೇಳಬೇಕಾದ್ದನ್ನು ಹೇಳಿಯೇಬಿಟ್ಟೆ. ಸ್ಯಾಟಲೈಟ್ ಫೋನಿನಲ್ಲಿ ಇದೆಲ್ಲ ಆಗುವುದಿಲ್ಲ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರ ಕೆಮ್ಮು ನನಗೂ ಕೇಳಿಸುತ್ತದೆ, ಅವಸರಕ್ಕೆ ‘ಎಲ್ಲ ಆರಾಮ’ ಎಂದು ಇಟ್ಟುಬಿಡುತ್ತೇನೆ. ಮೂರು ವರ್ಷದ ಹಿಂದೆ ಕಿವಿಯ ಮುಂದಿನ ಗಂಟು ತೆಗೆಸಿದ್ದೆವಲ್ಲ, ನೀವು ರಜೆ ಹಾಕಿ ಬಂದು ಪಕ್ಕದಲ್ಲೇ ಕೂತಿದ್ದಿರಿ. ಕ್ಯಾನ್ಸರ್ ಆದರೂ ನಿಧಾನದ್ದು, ಪೂರ್ತಿ ತೆಗೆದಿದ್ದೇವೆ ಎಂದಿದ್ದರು. ಹೋದ ದೀಪಾವಳಿಯ ಹೊತ್ತಿಗೆ ಅದೇ ಕಡೆ ಕೆನ್ನೆಯ ಮೇಲೆ ಇರುವೆ ಹರಿದ ಹಾಗೆ ಶುರುವಾಯಿತು. ಆಮೇಲೆ ದವಡೆ ನೋವು. ಹಲ್ಲಿನ ಡಾಕ್ಟರು ಒಂದು ದವಡೆಹಲ್ಲು ಕಿತ್ತರು, ನೋವು ಕೀಳಲಿಲ್ಲ. ಒಂದು ಸ್ಕ್ಯಾನ್ ಆಯಿತು, ಗಂಟು ಎಲ್ಲೂ ಇಲ್ಲ ಎಂದು ರಿಪೋರ್ಟ್ ಬಂತು. ಖುಷಿಯಿಂದ ಕೇಸರಿಬಾತ್ ಮಾಡಿ ಒಬ್ಬಳೇ ತಿಂದೆ. ಆದರೆ ಕೆನ್ನೆ ಮಾತ್ರ ದಿನದಿನಕ್ಕೂ ಬೇರೆ ಯಾರದೋ ಆಗುತ್ತಾ ಹೋಯಿತು.

ಕಿವಿ-ಗಂಟಲಿನ ಡಾಕ್ಟರ್ ರಜತ್ ಒಪ್ಪಲಿಲ್ಲ. ಈ ಜಾತಿಯ ಕ್ಯಾನ್ಸರ್ ಗಂಟು ಕಟ್ಟದೆಯೂ ನರ ಹಿಡಿದು ಹೋಗುತ್ತದೆ, ನರವನ್ನೇ ನೋಡುವ ಎಂ.ಆರ್.ಐ. ಬೇಕು ಎಂದರು. ಇಲ್ಲಿ ಬೇಗ ತಾರೀಖು ಸಿಗದೆ ಮೆಟ್ರೋ ಹತ್ತಿ ಫರೀದಾಬಾದಿಗೆ ಹೋದೆ. ಒಡವೆಯೆಲ್ಲ ತೆಗೆದು ಜೊತೆಗೆ ಬಂದವರ ಕೈಗೆ ಕೊಡಿ ಎಂದಳು ಅಲ್ಲಿಯ ಹುಡುಗಿ. ಜೊತೆಗೆ ಯಾರಿದ್ದಾರೆ? ಮದುವೆಯಲ್ಲಿ ಹಾಕಿದ ಪತ್ತಾಕ್ ಸರ ಬಿಚ್ಚಿ ಅಂಗೈಯಲ್ಲಿ ಹಿಡಿದು ಸುತ್ತ ನೋಡಿದೆ. ಪಕ್ಕದ ಬೆಂಚಿನಲ್ಲಿದ್ದ ಹೆಂಗಸು, “ಮುಝೇ ದೇ ದೋ ಬೆಹನ್, ಮೈಂ ಯಹೀಂ ಬೈಠೀ ಹೂಂ” ಎಂದು ಕೈ ಚಾಚಿದಳು. ಹೆಸರು ಕಮಲೇಶ್, ಇಲ್ಲಿ ಹೆಂಗಸರಿಗೂ ಆ ಹೆಸರಿಡುತ್ತಾರೆ. ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ದುಡಿಯುವ ಗಂಡನ ಬೆನ್ನಿನ ಸ್ಕ್ಯಾನಿಗೆ ಬಂದಿದ್ದಳು. ಗುರುತು ಪರಿಚಯ ಇಲ್ಲ, ಆದರೂ ಕೊಟ್ಟೆ. ಸರವನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು. ಆ ಕೊಳವೆಯೊಳಗೆ ಕಿವಿ ಒಡೆಯುವ ಸದ್ದು. ಅಲುಗಬಾರದು, ಉಗುಳು ನುಂಗಬಾರದು. ನಡುವೆ ತೋಳಿಗೆ ಔಷಧ ಬಿಟ್ಟಾಗ ತಣ್ಣಗೆ ಭುಜದವರೆಗೂ ಏರಿತು. ಹೊರಗೆ ಬಂದರೆ ಅವಳ ಗಂಡನ ಸ್ಕ್ಯಾನ್ ಆಗಲೇ ಮುಗಿದುಹೋಗಿತ್ತು. ಅವನನ್ನೂ ಕೂರಿಸಿಕೊಂಡು ನನಗಾಗಿ ಕಾದಿದ್ದಳು. ತಾನೇ ಸರ ನನ್ನ ಕೊರಳಿಗೆ ಹಾಕಿ ಕೊಂಡಿ ಸಿಕ್ಕಿಸಿದಳು. ಆಗ ಅತ್ತುಬಿಟ್ಟೆ ನೋಡಿ, ಸ್ಕ್ಯಾನಿಗಲ್ಲ.

ಶುಕ್ರವಾರ ಡಾಕ್ಟರ್ ರಜತ್ ಆ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ತೋರಿಸಿದರು. “ದೇಖಿಯೇ, ಯೇ ಲೆಫ್ಟ್, ಯೇ ರೈಟ್.” ಎಡಗೆನ್ನೆಯ ನರ ಹೊಲಿಗೆ ದಾರದಷ್ಟು ಸಣ್ಣ. ಬಲಗಡೆಯದು ದಪ್ಪವಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಅವರು ಬೆರಳಿಟ್ಟು ಅದರ ದಾರಿಯುದ್ದಕ್ಕೂ ಮೇಲೆ ಹೋದರು, ತಲೆಬುರುಡೆಯ ತಳದಲ್ಲಿ ನರ ತೂರುವ ಸಣ್ಣ ಕಿಂಡಿಯವರೆಗೆ. ಅಲ್ಲಿ ನಿಂತಿದೆ, ಮೆದುಳಿನ ಕಡೆ ದಾಟಿಲ್ಲ, ಈಗಲೇ ಹಿಡಿದರೆ ದಾರಿಯಿದೆ ಎಂದರು. ಹೋದ ಸಲ ಕಿವಿಯ ಮುಂದೆ ಉಳಿಸಿದ್ದ ಜೊಲ್ಲುಗ್ರಂಥಿ ತೆಗೆಯಬೇಕು, ಆ ಕಡೆ ಮುಖ ಆಡಿಸುವ ನರಕ್ಕೂ ಹಬ್ಬಿರುವುದರಿಂದ ಅದನ್ನೂ ಕತ್ತರಿಸಬೇಕು, ಕಿಂಡಿಯ ಹತ್ತಿರದ್ದಕ್ಕೆ ಆಮೇಲೆ ರೇಡಿಯೇಷನ್. ಬಲಗಣ್ಣು ತಾನಾಗಿ ಮುಚ್ಚುವುದಿಲ್ಲ, ಬಾಯಿ ಒಂದು ಕಡೆ ಜೋಲುತ್ತದೆ. ಮುಂದೆ ಸ್ವಲ್ಪ ಸರಿಪಡಿಸಬಹುದಂತೆ, ಮೊದಲಿನ ಹಾಗೆ ಅಲ್ಲ. ಯೋಚಿಸಿ ಹೇಳಿ ಎಂದರು. ಯೋಚಿಸುವುದೇನು? ಆಗಲಿ ಎಂದೆ. ಮನೆಗೆ ಬಂದು ಬೀಗ ತೆಗೆದು ‘ಬಂದೆ’ ಎಂದು ಗಟ್ಟಿಯಾಗಿ ಹೇಳಿದೆ. ಯಾರಿಗೆ ಹೇಳಿದೆನೋ! ಆವತ್ತಿನಿಂದ ಕನ್ನಡದಲ್ಲಿ ಇದನ್ನು ಒಬ್ಬರಿಗೂ ಹೇಳಿಲ್ಲ, ನಿಮಗೇ ಮೊದಲು.

ಪುಣೆಯ ಹಾಸ್ಟೆಲಿನಿಂದ ಅನನ್ಯಾ ಫೋನ್ ಮಾಡಿ, “ಮಮ್ಮಾ, ಆಪ್ ಅಜೀಬ್ ಸಾ ಬೋಲ್ ರಹೇ ಹೋ” ಎಂದಳು, ನನ್ನ ಮಾತು ವಿಚಿತ್ರವಾಗಿ ಕೇಳಿಸುತ್ತದಂತೆ. ಹಲ್ಲು ಕಿತ್ತಿದ್ದಾರೆ ಎಂದೆ. ಮಗಳ ಪರೀಕ್ಷೆ ಮುಗಿಯಲಿ. ನೀವೂ ರಜೆಗೆ ಅಲೆಯಬೇಡಿ. ಈ ಹಿಮದಲ್ಲಿ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಏರಿಸುವುದು ಎಷ್ಟು ಕಷ್ಟ ಎಂದು ನನಗೆ ತಿಳಿಯದೇ? ನಮ್ಮ ಆಫೀಸಿನ ಮರಾಠಿಯವರು ರತ್ನಪ್ರಭಾ, ಆಸ್ಪತ್ರೆಯಲ್ಲಿ ನನ್ನ ಜೊತೆ ಉಳಿಯುತ್ತೇನೆ ಎಂದಿದ್ದಾರೆ.

ಮೈ ಕೈ ಬೆಚ್ಚಗಿಟ್ಟುಕೊಳ್ಳಿ. ಪೋಸ್ಟಿನ ಹುಡುಗರಿಗೆಲ್ಲ ನನ್ನ ಆಶೀರ್ವಾದ ಹೇಳಿ. ಇಗ್ಗುತಪ್ಪ ನಿಮ್ಮನ್ನು ಕಾಯಲಿ.

ನಿಮ್ಮ
ಮಾಚಮ್ಮ

ಲಕೋಟೆ ಅಂಟಿಸುವ ಮೊದಲು ಒಂದು ಮಾತು: ರಜೆ ಬೇಡ ಎಂದು ಬರೆದದ್ದು ಸುಳ್ಳು. ಫೆಬ್ರವರಿ ಆರಕ್ಕೆ ಆಪರೇಷನ್. ನಿಮ್ಮ ಕಮಾಂಡಿಂಗ್ ಆಫೀಸರ್ ಸಾಹೇಬರಿಗೆ ನಾನೇ ಬೇರೆ ಕಾಗದ ಬರೆದು ಇದರ ಜೊತೆಗೇ ಹಾಕುತ್ತಿದ್ದೇನೆ. ಈ ಟಪಾಲು ತಂದ ಹೆಲಿಕಾಪ್ಟರಿನಲ್ಲೇ ಹೊರಟುಬನ್ನಿ. ಇನ್ನೂ ಎರಡೂ ಕಡೆ ನಗಲು ಬರುತ್ತಿದೆ. ನೀವು ಒಮ್ಮೆ ನೋಡಬೇಕು.