ಪುಸ್ತಿಕೆ ಗುಂಪಿನ ಡ್ರಿಲ್

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ 8.20

ಎಂಟರ ಮಾತ್ರೆ ನುಂಗಿ ಇಪ್ಪತ್ತು ನಿಮಿಷ. ಬಲಗೈ ಇನ್ನೂ ರಜೆಯಲ್ಲಿದೆ, ಎಡಗೈಯಲ್ಲಿ ಗೀಚುತ್ತಿದ್ದೇನೆ. ಇನ್ನೊಂದು ಇಪ್ಪತ್ತು ನಿಮಿಷಕ್ಕೆ ಡ್ಯೂಟಿಗೆ ಬರುತ್ತದೆ. ಆಮೇಲೆ ಗುಂಡಿ ಹಾಕುವುದು, ಆಮೇಲೆ ತಲೆ ಬಾಚುವುದು. ಇವರು ಬಾಚಣಿಗೆ ಹಿಡಿದು ಹಿಂದೆ ಬಂದು ನಿಂತಿದ್ದರು. ಓಡಿಸಿದೆ. ಪಾರ್ಕಿನ್ಸನ್ಸ್ ಬಂದಿರುವುದು ನನಗೆ, ನನ್ನ ಮಾನಕ್ಕಲ್ಲ.

ಇವತ್ತು ಆಸ್ಪತ್ರೆಯಲ್ಲಿ ಗುಂಪು ಹಂಚುತ್ತಾರೆ. ನಡಿಗೆ ತರಬೇತಿಯ ಮೇಲೆ ಆರು ತಿಂಗಳ ಸಂಶೋಧನೆ. ನಲವತ್ತು ಜನ ರೋಗಿಗಳು. ಇಪ್ಪತ್ತು ಜನಕ್ಕೆ ವಾರಕ್ಕೆ ಮೂರು ದಿನ ಕ್ಲಾಸು – ತಾಳಕ್ಕೆ ಹೆಜ್ಜೆ ಹಾಕುವುದು, ಗೆರೆ ದಾಟುವುದು, ಬೀಳದೆ ತಿರುಗುವುದು. ಉಳಿದ ಇಪ್ಪತ್ತು ಜನಕ್ಕೆ ಒಂದು ಪುಸ್ತಿಕೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು ನಾನು. ನನಗೆ ಎಡ-ಬಲ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಕ್ಲಾಸೇ ಸಿಗಲಿ ಅಂತ ಆಸೆ.

ಸಂಜೆ

ಪುಸ್ತಿಕೆ.

ಕಂಪ್ಯೂಟರ್ ಚೀಟಿ ಎತ್ತಿತಂತೆ. ಹದಿನಾರು ಪುಟ. ಮೂರನೆಯ ಪುಟದಲ್ಲಿ ‘ಸದಾ ಚಟುವಟಿಕೆಯಿಂದಿರಿ’ ಅಂತಿದೆ. ಹೇಗೆ ಅಂತ ಒಂದಕ್ಷರ ಇಲ್ಲ. ರಟ್ಟಿನ ಮೇಲೆ ಒಬ್ಬ ಮುದುಕ, ಒಬ್ಬಳು ಮುದುಕಿ ಹಲ್ಲು ಕಿರಿಯುತ್ತಿದ್ದಾರೆ, ಇಬ್ಬರಿಗೂ ನೆಗಡಿ ಕೂಡ ಬಂದ ಹಾಗಿಲ್ಲ.

ದೊಡ್ಡ ಡಾಕ್ಟರನ್ನು ಕೇಳಿದೆ. “ಎಲ್ಲರಿಗೂ ಕೊಟ್ಬಿಟ್ರೆ ಕ್ಲಾಸಿಂದ ಉಪಯೋಗ ಆಯ್ತೋ ಇಲ್ವೋ ಗೊತ್ತಾಗೋದು ಹೇಗಮ್ಮ? ಹೋಲಿಸಿ ನೋಡ್ಬೇಕಲ್ಲ” ಅಂದರು. ಸರಿಯಾದ ಮಾತೇ. ಸರಿಯಾದ ಮಾತಿಗೂ ಮೈ ಉರಿಯುತ್ತದೆ ಅಂತ ಇವತ್ತು ತಿಳಿಯಿತು.

ಇವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ನಾನು ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ಕೊನೆಯ ಚುಕ್ಕೆವರೆಗೂ ಓದಿದರು. “ಪುಟ ಏಳು. ಕ್ಲಾಸಿನ ವ್ಯಾಯಾಮ ಮಾಡಲ್ಲ, ಕಲಿಯಲ್ಲ, ಇನ್ನೊಬ್ಬರಿಗೆ ಕಲಿಸಲ್ಲ ಅಂತ ಸಹಿ ಹಾಕಿದೀಯ ಕಣೇ.”

“ಹಾಕಿದ್ದು ಬಲಗೈ. ಅದು ನನ್ನ ಮಾತು ಕೇಳಲ್ಲ” ಅಂದೆ.

ಫೆಬ್ರವರಿ 18, ಮಂಗಳವಾರ

ಮಾತ್ರೆ ತರಲು ಹೋಗಿದ್ದೆ. ಕ್ಲಾಸಿನ ಕೋಣೆ ಔಷಧಿ ಕೌಂಟರಿನ ಎದುರಿಗೇ. ಬಾಗಿಲ ಗಾಜಿನಲ್ಲಿ ಎಲ್ಲ ಕಾಣುತ್ತದೆ. ಟಿಕ್ ಟಿಕ್ ಅನ್ನುವ ಯಂತ್ರ, ನೆಲದ ಮೇಲೆ ಹಳದಿ ಪಟ್ಟಿಗಳು. ಫಿಸಿಯೋ ಹುಡುಗಿ ಒಳ್ಳೆಯವಳು, ಆದರೆ ತೊಟ್ಟಿಲು ತೂಗುವ ದನಿಯಲ್ಲಿ ಎಣಿಸುತ್ತಾಳೆ. ಅರ್ಧ ಗಂಟೆ ನೋಡಿದೆ. ಬೇಕೆಂದು ನೋಡಲಿಲ್ಲ... ಸುಳ್ಳು. ಬೇಕೆಂದೇ ನೋಡಿದೆ.

ಆಗ ಪಕ್ಕದಲ್ಲಿ ಗಲಾಟೆ. ನಮ್ಮ ಪುಸ್ತಿಕೆ ಗುಂಪಿನ ಲಾರಿ ಡ್ರೈವರ್ ಟಾಯ್ಲೆಟ್ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬೆಟ್ಟದ ರಸ್ತೆಯಲ್ಲಿ ಹದಿನಾರು ಚಕ್ರದ ಗಾಡಿ ಹತ್ತಿಸಿದ ಮನುಷ್ಯ, ಒಂದು ಹೊಸ್ತಿಲು ದಾಟಲಾಗುತ್ತಿಲ್ಲ. ಪಾದ ನೆಲಕ್ಕೆ ಅಂಟಿಕೊಂಡಿವೆ. ಹೆಂಡತಿ ತೋಳು ಹಿಡಿದು ಎಳೆಯುತ್ತಿದ್ದಾಳೆ. ಹಿಂದಿನಿಂದ ಯಾರೋ “ಸ್ವಲ್ಪ ಸರೀರಿ ಯಜಮಾನ್ರೇ” ಅನ್ನುತ್ತಿದ್ದಾನೆ. ನೋಡನೋಡುತ್ತ ಪ್ಯಾಂಟು ಒದ್ದೆಯಾಯಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ನನ್ನ ಪಿತ್ತ ನೆತ್ತಿಗೇರಿತು. ಇದಕ್ಕೇ ಉಪಾಯವನ್ನು ಎದುರು ಕೋಣೆಯಲ್ಲಿ ಹೇಳಿಕೊಡುತ್ತಿದ್ದಾರೆ! ಹತ್ತು ಹೆಜ್ಜೆ ದೂರ! ನನ್ನ ಕೊಡೆಯನ್ನು ಅವರ ಪಾದದ ಮುಂದೆ ಅಡ್ಡ ಇಟ್ಟೆ. “ಬಾಗಿಲು ನೋಡ್ಬೇಡಿ. ಕೊಡೆ ದಾಟಿ. ಒಂದ್! ಎರಡ್!” ಮೈದಾನದ ದನಿ. ಕೈಕಾಲು ಕೈಕೊಟ್ಟರೂ ಗಂಟಲು ಇನ್ನೂ ನನ್ನದೇ. ದಾಟಿಬಿಟ್ಟರು.

ಮಾರ್ಚ್ 11, ಮಂಗಳವಾರ

ಆಸ್ಪತ್ರೆಯ ಹಿಂದೆ ಒಂದು ಹಳೇ ಸೈಕಲ್ ಸ್ಟ್ಯಾಂಡಿದೆ. ತಗಡಿನ ಸೂರು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಮಾತ್ರೆಗೆ ಬಂದ ನಮ್ಮ ಪುಸ್ತಿಕೆ ಗುಂಪಿನವರು ಮಂಗಳವಾರ ಅಲ್ಲಿಗೆ ಬರುತ್ತಾರೆ, ನನ್ನ ಡ್ರಿಲ್ಲಿಗೆ. ಸೀಮೆಸುಣ್ಣದ ಗೆರೆ ನಾನೇ ಎಳೆದೆ. ಡೊಂಕಾಗಿವೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಟೀಚರು ನೆಲಾನೇ ಡೊಂಕು ಮಾಡಿಟ್ರು” ಅಂದರು ಡ್ರೈವರ್. ಇವತ್ತು ಏಳು ಜನ. ಮನೆಯಲ್ಲೂ ದಿನಾ ಮಾಡಬೇಕೆಂದು ತಾಕೀತು ಮಾಡಿದ್ದೇನೆ.

ಏಪ್ರಿಲ್ 22

ನನ್ನನ್ನೂ ಸೇರಿಸಿ ಹನ್ನೊಂದು ಜನ. ಡ್ರೈವರ್ ಈಗ ಟಾಯ್ಲೆಟ್ಟಿಗೆ ಒಬ್ಬರೇ ಹೋಗುತ್ತಾರೆ. ಅವರ ಹೆಂಡತಿ ಅದನ್ನು ಮಗ ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ ಎಲ್ಲರಿಗೂ ಹೇಳಿದಳು. ಯಾರೂ ನಗಲಿಲ್ಲ.

ಮೇ 20, ಮಂಗಳವಾರ. ಸಂಜೆ

ಅರ್ಧ ದಾರಿಯ ಅಳತೆ ಮುಗಿದಿದೆ. ಎಲ್ಲರನ್ನೂ ನಡೆಸಿ, ತಿರುಗಿಸಿ, ಕುರ್ಚಿಯಿಂದ ಏಳಿಸಿ ಗಡಿಯಾರ ಹಿಡಿದು ಬರೆದುಕೊಂಡಿದ್ದರು. ಇವತ್ತು ಫಿಸಿಯೋ ಹುಡುಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

“ನನ್ನ ಕ್ಲಾಸಿಂದ ಏನೂ ಆಗಿಲ್ಲ ಆಂಟಿ. ಎರಡೂ ಗುಂಪು ಒಂದೇ ಸಮ. ಕೊನೇಲೂ ಹೀಗೇ ಬಂದ್ರೆ ಕೋಣೆ ಮುಚ್ತಾರೆ.” ಇದನ್ನು ಅವಳು ನನಗೆ ಹೇಳಬಾರದಿತ್ತು. ಅಳುವಾಗ ಯಾರಿಗೆ ನಿಯಮ ನೆನಪಿರುತ್ತದೆ?

ಬಸ್ಸಿನಲ್ಲಿ ನನಗೆ ಒಳಗೊಳಗೇ ಖುಷಿ. ಒಂದೇ ಸಮ ಅಂದರೆ ನನ್ನವರೂ ಚೇತರಿಸಿಕೊಂಡಿದ್ದಾರೆ ಅಂತ ತಾನೆ! ಮನೆಗೆ ಬಂದು ಹೇಳಿದೆ. ಇವರು ಕನ್ನಡಕ ತೆಗೆದರು.

“ವರದಿಯಲ್ಲಿ ಏನಂತ ಬರೀತಾರೆ ಯೋಚಿಸಿದ್ಯಾ? ಕ್ಲಾಸಿಗೆ ಹೋದವರೂ ಅಷ್ಟೇ, ಪುಸ್ತಿಕೆ ಓದಿದವರೂ ಅಷ್ಟೇ. ಹಾಗಾದ್ರೆ ಕ್ಲಾಸು ಯಾಕೆ, ಪುಸ್ತಿಕೆ ಸಾಕು ಅಂತ.”

ಆ ದರಿದ್ರ ಪುಸ್ತಿಕೆ ಗೆದ್ದಿದೆ. ಗೆಲ್ಲಿಸಿದವಳು ನಾನು.

ಮೇ 21

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಬೆಳಗಿನಿಂದ ಬೈಯಲು ಯಾರಾದರೂ ಸಿಗುತ್ತಾರೇನೋ ಅಂತ ಹುಡುಕುತ್ತಿದ್ದೇನೆ. ಡಾಕ್ಟರು, ಕಂಪ್ಯೂಟರು, ರಟ್ಟಿನ ಮೇಲಿನ ಮುದುಕ. ಎಲ್ಲರನ್ನೂ ಬೈದಾಯಿತು. ಸಿಟ್ಟು ಒಂದು ಚೂರೂ ಕಮ್ಮಿಯಾಗಿಲ್ಲ.

ಮೇ 25, ಭಾನುವಾರ

ಉಳಿದ ಹತ್ತೂ ಜನರನ್ನು ಮನೆಗೆ ಕರೆದು ಹೇಳಿದೆ. ಡಾಕ್ಟರಿಗೆ ಹೇಳದಿದ್ದರೆ ಕೋಣೆ ಎಲ್ಲರಿಗೂ ಮುಚ್ಚುತ್ತದೆ. ಹೇಳಿದರೆ ನಮ್ಮನ್ನು ಹೊರಗೆ ಹಾಕುತ್ತಾರೆ, ಆ ಕೋಣೆಯ ಒಳಗೆ ಕಾಲಿಡುವ ಆಸೆ ನಾವು ಬಿಡಬೇಕು.  

“ಹೇಳ್ಬಿಡಿ ಟೀಚರೇ” ಅಂದರು ಡ್ರೈವರ್. “ಗಾಡಿ ಗುದ್ದಿ ನಿಲ್ಲಿಸ್ದೆ ಹೋಗೋದು ನಮ್ಮ ಜಾಯಮಾನ ಅಲ್ಲ.”

ಮೇ 27, ಮಂಗಳವಾರ

ಹೇಳಿದೆ. ದೊಡ್ಡ ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

“ಎಷ್ಟು ಜನ?”

“ಹನ್ನೊಂದು.”

ಪೆನ್ನು ಕೆಳಗಿಟ್ಟರು. ಹನ್ನೊಂದೂ ಪಟ್ಟಿಯಿಂದ ಔಟ್. ಪುಸ್ತಿಕೆ ಗುಂಪಿಗೆ ಹೊಸ ಹನ್ನೊಂದು ರೋಗಿಗಳನ್ನು ತೆಗೆದುಕೊಳ್ಳಬೇಕು, ಅವರಿಗೆ ಮತ್ತೆ ಆರು ತಿಂಗಳು.

“ಅಂದ್ರೆ ಇನ್ನೂ ಹನ್ನೊಂದು ಜನ ಬಾಗಿಲಲ್ಲಿ ಒದ್ದೆ ಪ್ಯಾಂಟಲ್ಲಿ ನಿಲ್ಬೇಕಾ? ಉಪಾಯ ಗೊತ್ತಿದ್ದೂ?”

“ನಿಮಗೆ ಗೊತ್ತಿದೆಯಮ್ಮ. ನಮಗಿನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೇ ಇಷ್ಟೆಲ್ಲ. ಗೊತ್ತಾದ್ರೆ ಇಂಥ ಕೋಣೆ ಒಂದಲ್ಲ, ಊರೂರಲ್ಲೂ ಆಗುತ್ತೆ.” ಪೆನ್ನು ಮತ್ತೆ ಕೈಗೆತ್ತಿಕೊಂಡು, “ನಿಮ್ಮ ಹನ್ನೊಂದು ಜನ ಏನು ಬೇಕಾದ್ರೂ ಮಾಡ್ಕೊಳ್ಳಿ. ಹೊಸಬರ ತಂಟೆಗೆ ಮಾತ್ರ ಬರ್ಬೇಡಿ. ಮಾತು ಕೊಡಿ” ಅಂದರು.

ಮಾತು ಕೊಟ್ಟೆ. ಕಾಗದ ಇಲ್ಲ, ಸಹಿ ಇಲ್ಲ. ನನ್ನ ಎದುರಿಗೆ ಕೂತ ಮನುಷ್ಯನ ಕಣ್ಣೂ ಕೆಂಪಾಗಿತ್ತು. ಅವರ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಬಿಡಲಿಲ್ಲವಲ್ಲ ಅಂತ ಸಿಟ್ಟು ಬಂತು.

ಜುಲೈ 13, ಭಾನುವಾರ. ಮಧ್ಯಾಹ್ನ 4

ಹೊಸ ಪುಸ್ತಿಕೆ ಗುಂಪಿನ ಒಬ್ಬ ಹೆಂಗಸು ನನ್ನ ವಿಳಾಸ ಪತ್ತೆ ಮಾಡಿದ್ದಾಳೆ ಅಂತ ಡ್ರೈವರ್ ಬೆಳಿಗ್ಗೆ ಫೋನು ಮಾಡಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ, ಇನ್ನೂ ಐವತ್ತು ದಾಟಿಲ್ಲವಂತೆ. ಬರಬೇಡ ಅನ್ನಿ ಅಂದೆ. ಬಂದಿದ್ದಾಳೆ, ಮಗಳ ಜೊತೆ. “ನಾನಿಲ್ಲ ಅಂದ್ಬಿಡಿ” ಅಂತ ಇವರಿಗೆ ಹೇಳಿ ಒಳಕೋಣೆಯಲ್ಲಿ ಕೂತೆ. ಎದ್ದು ಹೋಗಬಾರದು ಅಂತಲೇ ಈ ಡೈರಿ ಹಿಡಿದಿದ್ದೇನೆ. ಬರೆಯುತ್ತಿರುವಷ್ಟು ಹೊತ್ತು ಏಳುವುದಿಲ್ಲ.

ಸುಳ್ಳು ಹೇಳಿ ಅಭ್ಯಾಸವಿಲ್ಲ ಇವರಿಗೆ. “ಇದ್ದಾಳೆ. ಆದ್ರೆ ನಿಮಗೆ ಕಲಿಸೋ ಹಾಗಿಲ್ಲ, ಕ್ಷಮಿಸಿ” ಅಂದರು. ಯಾಕೆ ಅಂತಲೂ ಬಿಡಿಸಿ ಹೇಳಿದರು. ಆಕೆ ಎದುರಾಡಲಿಲ್ಲ. “ಅರ್ಥ ಆಯ್ತು ಸರ್. ಬರ್ತೀವಿ” ಅಂದಳು. ಚಿಕ್ಕ ದನಿ.

ಹೋಗಬೇಕಿತ್ತು. ಹೆಜ್ಜೆಯ ಸದ್ದಿಲ್ಲ.

ತಿರುಗಲು ಹೋಗಿ ಸಿಕ್ಕಿಕೊಂಡಿದ್ದಾಳೆ. ನೋಡದೆಯೇ ಗೊತ್ತು. ಹೊಸ್ತಿಲ ಮೇಲೆ, ಅರ್ಧ ತಿರುಗಿ. ಅದರ ಕೆಳಗೆ ನಾಲ್ಕು ಮೆಟ್ಟಿಲು.

“ಬಾಮ್ಮ.” “ಇರೇ... ಬರ್ತಿಲ್ಲ.” “ಬೀದೀಲಿ ಎಲ್ಲರೂ ನೋಡ್ತಿದಾರಮ್ಮ, ಬಾ.” 

4.08. ಇಲ್ಲಿ ಕೂತೇ ಎರಡು ಅಂಕಿ ಕೂಗಿದರೆ ಸಾಕು. ಅಷ್ಟೂ ಕಲಿಸಿದ ಹಾಗೇ. ಮಾತು ಕೊಟ್ಟಿದ್ದೇನೆ. ಊರೂರಲ್ಲೂ ಕೋಣೆ ಆಗಬೇಕು.

4.10. ಬಾಗಿಲ ಸಂದಿಯಲ್ಲಿ ಇವರು ಕಾಣುತ್ತಾರೆ, ನನ್ನ ಕೋಣೆಯ ಕಡೆ ನೋಡುತ್ತಿದ್ದಾರೆ. ಕರೆಯುತ್ತಿಲ್ಲ. ಬೇಡ ಅಂತಲೂ ಅನ್ನುತ್ತಿಲ್ಲ.

“ಎಳೀಬೇಡ ಕಣೇ, ಬೀಳ್ತೀನಿ.” ಹುಡುಗಿ ಎಳೆಯುತ್ತಿದ್ದಾಳೆ. ಎಳೆಯಬಾರದು, ಎಳೆದರೆ ಸೊಂಟದ ಮೇಲಿನ ಮೈ ಮಾತ್ರ ಮುಂದೆ ಬರುತ್ತದೆ, ಕಾಲು ಅಲ್ಲೇ ಇರುತ್ತದೆ, ಯಾರಾದರೂ ಹೇಳಬಾರದೇ ಆ ಹುಡುಗಿಗೆ, ಎಳೆಯಬೇಡವೇ, ಎಳೆಯಬೇ –